ರೆಪ್ಪೆ ಎತ್ತಿಸಿಕೊಂಡದ್ದು

2024ರ ಕಡಲೆಕಾಯಿ ಪರಿಷೆಯ ವಾರ ಗಾಂಧಿ ಬಜಾರಿಗೆ ಹೂವು ತರಲು ಹೋದವನು ಅಂಗಡಿಯ ಮುಂದಿನ ಟಾರ್ಪಾಲಿನ ಕಬ್ಬಿಣದ ಕಂಬಿಗೆ ಹಣೆ ಬಡಿಸಿಕೊಂಡೆ. "ಏನ್ ಮೇಷ್ಟ್ರೇ, ನಿದ್ದೆಗಣ್ಣಲ್ಲೇ ಬಂದ್ಬಿಟ್ರಾ?" ಎಂದಳು ಹೂವಿನಾಕೆ. ನಿದ್ದೆ ಚೆನ್ನಾಗಿಯೇ ಆಗಿತ್ತು. ಕಂಬಿ ಕಂಡಿರಲಿಲ್ಲ, ಅಷ್ಟೆ.

ನನ್ನ ಕಣ್ಣುಗಳು ಮೊದಲಿನಿಂದಲೂ ಅರೆಮುಚ್ಚಿದಂಥವು. ಮೇಷ್ಟ್ರು ತೂಕಡಿಸುತ್ತಿದ್ದಾರೆಂದು ನಂಬಿ ಸಿಕ್ಕಿಬಿದ್ದ ಕೆಲವರು ಇದನ್ನು ಓದುತ್ತಿರಬಹುದು. ನಿವೃತ್ತಿಯ ನಂತರ ಚರ್ಮ ಇನ್ನಷ್ಟು ಸಡಿಲಗೊಂಡು ರೆಪ್ಪೆಗೂದಲಿನ ಮೇಲೆಯೇ ಬಂದು ಕುಳಿತಿತು. ಓದಬೇಕಾದರೆ ಹುಬ್ಬೇರಿಸಬೇಕು, ಸಂಜೆಯ ಹೊತ್ತಿಗೆ ಹಣೆನೋವು. ಮಗಳು ಆಪರೇಷನ್ನಿನ ಮಾತೆತ್ತಿದಾಗ ರೇಗಿದ್ದೆ. ತಂದೆಯವರನ್ನು ಪೊರೆ ತೆಗೆಸಲು ಮಿಂಟೋ ಆಸ್ಪತ್ರೆಗೆ ಕರೆದೊಯ್ದ ಕಾಲದಲ್ಲಿ ಕಣ್ಣು ಕಾಣಿಸಿದರೆ ಸಾಕಾಗಿತ್ತು. ನಾವು ಹೇಗೆ ಕಾಣುತ್ತೇವೆಂಬುದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಕಂಬಿಯ ಪ್ರಸಂಗದ ನಂತರ ಕಣ್ಣಿನ ವೈದ್ಯೆಯೊಬ್ಬರನ್ನು ಕಂಡೆ. ರೆಪ್ಪೆ ಹಠಾತ್ತನೆ ಇಳಿಯಿತೇ, ಒಂದು ವಸ್ತು ಎರಡಾಗಿ ಕಾಣುತ್ತದೆಯೇ, ಬೆಳಗ್ಗೆ ಸರಿಯಿದ್ದು ಸಂಜೆಗೆ ಜೋಲುತ್ತದೆಯೇ ಎಂದು ಮೊದಲು ವಿಚಾರಿಸಿದರು. ಸಂಜೆಗೆ ಹೆಚ್ಚುವುದು ಮಯಸ್ತೇನಿಯಾ ಎಂಬ ಸ್ನಾಯುದೌರ್ಬಲ್ಯದ ಲಕ್ಷಣವಿರಬಹುದು. ಹಠಾತ್ತನೆ ಇಳಿದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಬಂಧುಗಳು ಇದೊಂದನ್ನು ಮರೆಯಬಾರದು.

ಜೋಲುವುದರಲ್ಲಿಯೂ ಮೂರು ಬಗೆ. ರೆಪ್ಪೆಯನ್ನೆತ್ತುವ ಸ್ನಾಯು ಸಡಿಲವಾದರೆ ಟೋಸಿಸ್ (ಇಂಗ್ಲಿಷಿನಲ್ಲಿ ಬರೆಯುವಾಗ ಮುಂದೊಂದು 'ಪಿ' ಉಂಟು, ಉಚ್ಚರಿಸುವಂತಿಲ್ಲ). ಅದಕ್ಕೆ ಸ್ನಾಯುವನ್ನು ಬಿಗಿಗೊಳಿಸುತ್ತಾರೆ. ಚರ್ಮವೇ ಹೆಚ್ಚಾಗಿದ್ದರೆ ರೆಪ್ಪೆಯ ಮಡಿಕೆಯಲ್ಲಿ ಕೊಯ್ದು ತೆಗೆಯುವ ಬ್ಲೆಫರೋಪ್ಲಾಸ್ಟಿ. ಹುಬ್ಬೇ ಕುಸಿದಿದ್ದರೆ ಹುಬ್ಬಿನ ಮೇಲಂಚಿನಲ್ಲಿ ಕೊಯ್ದೋ, ತಲೆಗೂದಲಿನೊಳಗಿನ ಸಣ್ಣ ಗಾಯಗಳ ಮೂಲಕವೋ ಎತ್ತುತ್ತಾರೆ. ಗಾಯ ಮರೆಸುವಷ್ಟು ಕೂದಲು ನನ್ನಲ್ಲಿಲ್ಲ. ಬೊಟಾಕ್ಸ್ ಚುಚ್ಚುಮದ್ದು ಹುಬ್ಬನ್ನು ಕೊಂಚ ಏರಿಸುತ್ತದೆಯಾದರೂ ಕೆಲವು ತಿಂಗಳ ಮಾತು. ನನಗೆ ಎರಡನೆಯ ದೋಷ ಹೆಚ್ಚು, ಮೂರನೆಯದು ಅಲ್ಪ. ಚರ್ಮ ತೆಗೆದರೆ ಹಣೆ ತನ್ನ ದುಡಿಮೆ ನಿಲ್ಲಿಸಿ ಹುಬ್ಬು ಮತ್ತಷ್ಟು ಇಳಿಯಬಹುದು, ಅತಿಯಾಗಿ ತೆಗೆದರೆ ಕಣ್ಣು ಪೂರ್ತಿ ಮುಚ್ಚದೆ ಒಣಗುತ್ತದೆ ಎಂದೂ ಎಚ್ಚರಿಸಿದರು.

ಬಳಿಕ ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿದರು. ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಮೊದಲು ಇದ್ದ ಹಾಗೆ, ಅನಂತರ ರೆಪ್ಪೆಗಳನ್ನು ಟೇಪಿನಿಂದ ಮೇಲೆತ್ತಿ ಅಂಟಿಸಿ. ಎರಡು ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ದಂಗಾದೆ. ಮೇಲುಭಾಗದ ಜಗತ್ತನ್ನು ಎಷ್ಟು ವರ್ಷಗಳಿಂದ ಕಳೆದುಕೊಂಡಿದ್ದೆನೋ!

"ದೃಷ್ಟಿಗಾಗಿಯೋ, ರೂಪಕ್ಕಾಗಿಯೋ?" ಎಂದು ಕೇಳಿದರು. ಬರಿಯ ಅಂದಕ್ಕಾದರೆ ಆರೋಗ್ಯವಿಮೆ ಹಣ ಕೊಡದು. "ದೃಷ್ಟಿಗೆ" ಎಂದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ನೀವು ತೆಗೆಸಿ ಕಳುಹಿಸಿದ ಫೋಟೋದಲ್ಲಿ, ಕೊನೆಯ ಕಾಯಿಲೆಯಲ್ಲಿ ಮಲಗಿದ್ದ ನನ್ನ ತಂದೆಯವರ ಮುಖವೇ ನನ್ನ ಹೆಗಲ ಮೇಲಿತ್ತು. ಹೆಂಡತಿಗೂ ತೋರಿಸದೆ ಅದನ್ನು ನಿಘಂಟಿನೊಳಗೆ ಅಡಗಿಸಿಟ್ಟಿದ್ದೆ.

ಸಂಕ್ರಾಂತಿ ಕಳೆದ ಮೇಲೆ ರೆಪ್ಪೆಗಳಿಗೆ ಮಾತ್ರ ಮಾಡಿಸಿಕೊಂಡೆ, ಹುಬ್ಬನ್ನು ಮುಟ್ಟಿಸಲಿಲ್ಲ. ಹೃದಯದ ವೈದ್ಯರನ್ನು ಕೇಳಿಯೇ ಆಸ್ಪಿರಿನ್ ನಿಲ್ಲಿಸಿದ್ದೆ. ರೆಪ್ಪೆಗಷ್ಟೇ ಮರಗಟ್ಟುವ ಮದ್ದು ಕೊಟ್ಟಿದ್ದರಿಂದ ಕತ್ತರಿಯ ಸದ್ದೆಲ್ಲ ಕೇಳುತ್ತಿತ್ತು. ಏಳನೆಯ ದಿನ ಹೊಲಿಗೆ ಬಿಚ್ಚಿದರು. ಎರಡು ವಾರ ಕಣ್ಣ ಸುತ್ತ ನೇರಳೆ ಬಣ್ಣ, ಕಪ್ಪು ಕನ್ನಡಕ. ಎಡರೆಪ್ಪೆ ಇಂದಿಗೂ ಕೂದಲೆಳೆಯಷ್ಟು ಕೆಳಗಿದೆ. "ರೀ, ಅದು ನಿಮಗೆ ಮಾತ್ರ ಕಾಣೋದು" ಎನ್ನುತ್ತಾಳೆ ನನ್ನವಳು. ಹಣೆನೋವು ಹೋಗಿದೆ.

ತಿಂಗಳಾದ ಮೇಲೆ ಹೂವಿಗೆ ಹೋದೆ. ಕಂಬಿ ದೂರದಿಂದಲೇ ಕಂಡಿತು, ಬಗ್ಗಿದೆ. ಹೂವಿನಾಕೆ ಕನಕಾಂಬರ ಅಳೆಯುತ್ತ ಒಂದು ಗಳಿಗೆ ನನ್ನನ್ನೇ ನೋಡಿ, "ಊರಿಗೆ ಹೋಗಿದ್ರಾ ಮೇಷ್ಟ್ರೇ? ಮುಖ ಗೆಲುವಾಗಿದೆ" ಎಂದಳು. ಹೌದಮ್ಮಾ ಎಂದುಬಿಟ್ಟೆ.