ಗಚ್ಚಿಬೌಲಿಯಲ್ಲಿ ಬಚ್ಚಲೊಲೆ

ಬೆಳಗಿನ ಐದೂವರೆಗೆ ನಮ್ಮ ಟೆರೇಸಿನ ಮೇಲೆ ನಿಂತರೆ ಸುತ್ತಲೂ ಗಾಜಿನ ಕಟ್ಟಡಗಳು. ರಾತ್ರಿಯಿಡೀ ದೀಪ ಆರುವುದಿಲ್ಲ. ಅಮೆರಿಕದ ಹಗಲಿಗೆ ಇಲ್ಲಿಯ ಹುಡುಗರು ನಿದ್ದೆಗೆಡುತ್ತಾರೆ. ಆ ಹೊತ್ತಿನಲ್ಲಿ ನಾನು ಮಂಡಿಯೂರಿ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಒಂದು ಉಕ್ಕಿನ ಒಲೆಯ ತಿರುಪನ್ನು ಎಡಕ್ಕೋ ಬಲಕ್ಕೋ ತಿರುಗಿಸುತ್ತಿರುತ್ತೇನೆ. ಎದುರಿನ ಕಟ್ಟಡದ ವಾಚ್‌ಮನ್ ಬಹಳ ದಿನ ನಾನು ಹೋಮ ಮಾಡುತ್ತೇನೆ ಅಂತಲೇ ತಿಳಿದಿದ್ದ. ಒಂದು ದಿನ ಕೈಮುಗಿದು ಪ್ರಸಾದ ಕೇಳಿದ. ಇದು ಸ್ನಾನದ ನೀರಪ್ಪಾ ಅಂದೆ. ಗೀಸರ್ ಇಲ್ಲವಾ ಅಂತ ಮರುಕಪಟ್ಟ.

ಗೀಸರ್ ಇದೆ. ಮನೆಯಲ್ಲಿ ಮೂರಿವೆ. ಅಮ್ಮನಿಗೆ ಆಗುವುದಿಲ್ಲ, ಅಷ್ಟೆ.

ನಾನು ಬ್ಯಾಂಕಿನಿಂದ ನಿವೃತ್ತನಾದದ್ದು 2018ರಲ್ಲಿ. ಮಗನ ಕೆಲಸ ಇಲ್ಲೇ ಫೈನಾನ್ಷಿಯಲ್ ಡಿಸ್ಟ್ರಿಕ್ಟಿನಲ್ಲಿ. ಮೊಮ್ಮಗಳು ಹುಟ್ಟಿದ ಮೇಲೆ ನಾವಿಬ್ಬರೂ ಬಂದೆವು. ಮಾರನೆಯ ವರ್ಷ ಕೊಪ್ಪದ ಹತ್ತಿರದ ಮನೆಗೆ ಬೀಗ ಹಾಕಿ, ತೋಟವನ್ನು ದಾಯಾದಿಗಳಿಗೆ ವಹಿಸಿ, ಅಮ್ಮನನ್ನೂ ಕರೆತಂದೆವು. ಆಕೆಗೆ ಈಗ ಎಂಬತ್ತೆಂಟು. ತನ್ನ ಟ್ರಂಕಿನ ಜೊತೆ ಆಕೆ ಹಟ ಹಿಡಿದು ತಂದದ್ದು ಬಚ್ಚಲುಮನೆಯ ತಾಮ್ರದ ಹಂಡೆ. ಎರಡು ವರ್ಷ ಅದು ಬಾಲ್ಕನಿಯಲ್ಲಿ ಮನಿಪ್ಲಾಂಟ್ ಹೊತ್ತುಕೊಂಡು ನಿಂತಿತ್ತು. ಬಂದುಹೋದವರೆಲ್ಲ ಚೆನ್ನಾಗಿದೆ ಎಂದು ಫೋಟೋ ತೆಗೆಯುತ್ತಿದ್ದರು. ಅಮ್ಮ ಅದರ ಕಡೆ ನೋಡುತ್ತಲೇ ಇರಲಿಲ್ಲ.

ಮಲೆನಾಡಿನವರಿಗೆ ಬಚ್ಚಲೊಲೆಯ ವಿಷಯ ಹೇಳಬೇಕಿಲ್ಲ. ಮಳೆಗಾಲದಲ್ಲಿ ಅದು ಆರುವುದೇ ಇಲ್ಲ. ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಮಟ್ಟೆ, ಏನಾದರೊಂದು ಒಳಗೆ ಕನಲುತ್ತಲೇ ಇರುತ್ತದೆ. ತೋಟದಿಂದ ನೆನೆದು ಬಂದವನು ಮೊದಲು ಅದರ ಮುಂದೆ ಕೂತು ಮೈ ಕಾಯಿಸಿ, ಆಮೇಲೆ ಹಂಡೆಯಿಂದ ತಂಬಿಗೆ ತಂಬಿಗೆ ಮೊಗೆದು ಸುರಿದುಕೊಳ್ಳಬೇಕು. ಅಮ್ಮ ಗೀಸರಿನ ನೀರು ಮಿಂದು ಬಂದು ನಡುಗುತ್ತಾ, "ನೀರೇನೋ ಸುಡ್ತದೆ ಮಾರಾಯ, ಮೈ ಬಿಸಿ ಆಗಲ್ಲ" ಅನ್ನುತ್ತಿದ್ದಳು. ಮಗ ಇಂಜಿನಿಯರು, ಬಿಸಿ ಅಂದರೆ ಬಿಸಿಯೇ ಅಜ್ಜಿ ಎಂದು ವಾದಿಸಿದ. ಡಿಸೆಂಬರಿನಲ್ಲಿ ಹೈದರಾಬಾದಿನ ಈ ಪಶ್ಚಿಮದ ಅಂಚಿನಲ್ಲಿ, ಬಂಡೆಗಳ ನಡುವೆ, ಬೆಳಗಿನ ಚಳಿ ಸಾಕಷ್ಟಿರುತ್ತದೆ. ನಾಲ್ಕು ದಿನ ಸ್ನಾನ ಬಿಟ್ಟಳು. ಅಮ್ಮ ಸ್ನಾನ ಬಿಟ್ಟದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಬೆಂಕಿ ಹಾಕೋಣವೆಂದರೆ ಅದಕ್ಕೂ ಅಡ್ಡಿ. ಆಕೆಯ ಕೆಮ್ಮು ಹಳೆಯದು. ಇಲ್ಲಿಯ ಡಾಕ್ಟರು ಎಕ್ಸ್‌ರೇ ನೋಡಿ, ಊದಿಸಿ ನೋಡಿ, ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರಾ ಎಂದು ಕೇಳಿದರು. ಇಲ್ಲ ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಎಷ್ಟು ವರ್ಷ ಸೌದೆ ಒಲೆಯಲ್ಲಿ ಅಡಿಗೆ ಮಾಡಿದ್ದಾರೆ ಎಂದರು. ಅಮ್ಮ ಬೆರಳು ಮಡಚಿ ಎಣಿಸಲು ಶುರುಮಾಡಿದಳು. ಡಾಕ್ಟರು ಸಾಕು ಎಂದು ಕೈಸನ್ನೆ ಮಾಡಿ ಬರೆದುಕೊಂಡರು.

ಆಗ ನನಗೆ 1986 ನೆನಪಾಯಿತು. ನಾನಾಗ ಹಳ್ಳಿ ಶಾಖೆಯೊಂದರಲ್ಲಿ ಆಫೀಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಒಲೆ ಆ ದಿನಗಳಲ್ಲಿ ಊರೂರಿಗೆ ಬರುತ್ತಿತ್ತು. ಮಣ್ಣಿನದೇ ಒಲೆ. ಮೂರು ಪಾತ್ರೆಗೆ ಜಾಗ, ಸೌದೆಯ ಕೆಳಗೆ ಕಬ್ಬಿಣದ ಜಾಲರಿ, ಹಿಂದೆ ಹೊಗೆಕೊಳವೆ. ಹಳೆಯ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲೊಂದು ಪಾಲು ಪಾತ್ರೆಗೆ ಮುಟ್ಟಿದರೆ ಹೆಚ್ಚು. ಇದರಲ್ಲಿ ಅದರ ಎರಡು ಮೂರು ಪಟ್ಟು. ಸಭೆಗಳಲ್ಲಿ ನಾನೇ ಇದರ ಗುಣಗಾನ ಮಾಡುತ್ತಿದ್ದೆ. ನಮ್ಮ ಮನೆಯಲ್ಲೂ ಕಟ್ಟಿಸಿದೆ. ಹಬ್ಬಕ್ಕೆ ಹೋದಾಗ ನೋಡುತ್ತೇನೆ, ಅಮ್ಮ ಹಾರೆಯಿಂದ ಒಲೆಯ ಬಾಯಿ ಒಡೆದು ಇಷ್ಟಗಲ ಮಾಡಿದ್ದಾಳೆ! ಅಡಿಗೆಮನೆ ತುಂಬ ಹೊಗೆ. ನಾನು ರೇಗಿದೆ. "ಆ ಬಾಯಿಗೆ ನಮ್ಮ ಕುಂಟೆ ಹಿಡಿಯಲ್ಲ. ಸಣ್ಣಗೆ ಸೀಳ್ಕೊಡೋರು ಯಾರು, ನೀನಾ?" ಎಂದಳು.

ನಾನಂತೂ ಸೀಳಿಕೊಡಲಿಲ್ಲ. ಎರಡು ದಿನ ರಜೆ ಮುಗಿಸಿ ಹೊರಟೆ. ಒಲೆಯ ಬಾಯಿ ಚಿಕ್ಕದಿದ್ದರೇ ಒಳಗೆ ಬೇಕಾದಷ್ಟೇ ಗಾಳಿ ಹೋಗುವುದು, ದೊಡ್ಡದಾದರೆ ತಣ್ಣನೆ ಗಾಳಿ ನುಗ್ಗಿ ಚಿಮಣಿಯ ಎಳೆತ ಕೆಡುತ್ತದೆ ಎಂದು ನಾನು ಆಕೆಗೆ ಬಿಡಿಸಿ ಹೇಳಲಿಲ್ಲ. ನನಗೂ ಅಷ್ಟು ಗೊತ್ತಿರಲಿಲ್ಲ ಅನ್ನಿ. ಎಷ್ಟು ಒಲೆ ಕಟ್ಟಿತೆಂಬ ಅಂಕಿ ಮಾತ್ರ ಗೊತ್ತಿತ್ತು. ಸುಧಾರಿತ ಒಲೆಗಳ ಆ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ನಿಂತಿತು. ನಮ್ಮ ಮನೆಯಲ್ಲಿ ಹೊಗೆ ಇನ್ನೂ ಹಲವು ವರ್ಷ ನಿಲ್ಲಲಿಲ್ಲ.

ಡಾಕ್ಟರ ಕೋಣೆಯಿಂದ ಬಂದ ಮೇಲೆ ಹೊಗೆ ಇಲ್ಲದ ಬೆಂಕಿ ಹುಡುಕತೊಡಗಿದೆ. ಸಿಕ್ಕಿದ್ದು ಪೆಲೆಟ್ ಒಲೆ. ಪೆಲೆಟ್ ಅಂದರೆ ಶೇಂಗಾ ಸಿಪ್ಪೆ, ಮರದ ಪುಡಿ, ಕಬ್ಬಿನ ಸಿಪ್ಪೆ ಇಂಥವನ್ನು ಒಣಗಿಸಿ ಯಂತ್ರದಲ್ಲಿ ಒತ್ತಿ ತೆಗೆದ ಪೆನ್ಸಿಲ್ ದಪ್ಪದ ತುಂಡುಗಳು. ಸೌದೆಯನ್ನು ಬೇರೆಯವರು ಸೀಳಿಕೊಟ್ಟ ಹಾಗೆ. ಇದೂ ನಮ್ಮ ಬೆಂಗಳೂರಿನ ಕಥೆಯೇ. ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಮುಕುಂದ ಅವರ ಪ್ರಯೋಗಾಲಯದ ತಂತ್ರವನ್ನು ಹಿಡಿದು ಬಿಪಿ ಎಂಬ ತೈಲ ಕಂಪನಿ 2006ರ ಸುಮಾರಿಗೆ ‘ಊರ್ಜಾ’ ಹೆಸರಿನ ಮನೆ ಒಲೆ ತಂದಿತ್ತು. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡಿನಲ್ಲಿ ಸುಮಾರು ನಾಲ್ಕು ಲಕ್ಷ ಒಲೆ ಹೋದವು. ಪೆಲೆಟ್ ಬೆಲೆ ಏರಿದಂತೆ ಮನೆಗಳಲ್ಲಿ ಅದು ಕಡಿಮೆಯಾಗಿ, ಈ ತಂತ್ರ ಹೋಟೆಲು, ಹಾಸ್ಟೆಲುಗಳ ದೊಡ್ಡ ಅಡಿಗೆಮನೆ ಸೇರಿತು. ನನಗೆ ಸಿಕ್ಕಿದ್ದು ಆ ಕಂಪನಿಯದಲ್ಲ, ಅದೇ ಜಾತಿಯ ಸಣ್ಣ ಒಲೆ. ಪೆಲೆಟ್ ಚೀಲ ಮಾತ್ರ ಜೀಡಿಮೆಟ್ಲದ ಗೋದಾಮಿನಿಂದ ಆಟೋದಲ್ಲಿ ಬರಬೇಕು.

ಒಲೆ ಬಂದದ್ದು 2023ರ ನವೆಂಬರಿನಲ್ಲಿ. ಟೆರೇಸಿನ ಶೀಟಿನ ಕೆಳಗೆ ಇಟ್ಟು, ಮನಿಪ್ಲಾಂಟ್ ಕಿತ್ತು, ಹಂಡೆಗೆ ಹುಣಸೆಹಣ್ಣು ತಿಕ್ಕಿ, ಮುಕ್ಕಾಲಿಯ ಮೇಲೆ ಕೂರಿಸಿದೆ. ಮೊದಲ ದಿನವೇ ಕೆಳಗಿನ ಮನೆಯ ಓನರ್ ಮೆಟ್ಟಿಲು ಹತ್ತಿ ಬಂದರು. "ಪೊಗ ಒಸ್ತೋಂದಿ ಅಂಕುಲ್." ಅವರ ಪೊಗ ನಮ್ಮ ಹಳಗನ್ನಡದ ಪೊಗೆಯೇ, ಅರ್ಥವಾಗಲು ತೊಂದರೆಯಾಗಲಿಲ್ಲ. ಹಾಗಾದರೆ ಹೊಗೆ ಇಲ್ಲದ ಒಲೆಯಲ್ಲಿ ಹೊಗೆ ಯಾಕೆ?

ಗಾಳಿಯ ಲೆಕ್ಕ ನನಗೆ ತಪ್ಪಿತ್ತು. ಈ ಒಲೆಯಲ್ಲಿ ಗಾಳಿ ಎರಡು ದಾರಿಯಲ್ಲಿ ಹೋಗುತ್ತದೆ. ತಳದಿಂದ ಹೋಗುವ ಗಾಳಿ ಸ್ವಲ್ಪ ಮಾತ್ರ. ಅದು ಪೆಲೆಟನ್ನು ಅರೆಬರೆ ಸುಟ್ಟು ಅದರೊಳಗಿನ ಅನಿಲ ಹೊರಡಿಸುತ್ತದೆ. ಆ ಅನಿಲ ಮೇಲೆ ಬಂದಾಗ ಅಂಚಿನ ಸುತ್ತಲ ತೂತುಗಳಿಂದ ಎರಡನೆಯ ಗಾಳಿ ನುಗ್ಗಿ ಅದನ್ನು ಉರಿಸುತ್ತದೆ. ಕೆಳಗೊಂದು ಪುಟ್ಟ ಫ್ಯಾನು, ವೇಗಕ್ಕೊಂದು ತಿರುಪು, ತಳದ ಗಾಳಿಗೊಂದು ಸರಿಯುವ ತಗಡು. ಒಂದು ಕಿಲೋ ಒಣ ಸೌದೆ ಪೂರ್ತಿ ಉರಿಯಲು ಸುಮಾರು ಆರು ಕಿಲೋ ಗಾಳಿ ಬೇಕು. ಇದು ಗೊತ್ತಾದ ದಿನ ನಾನು ಬೆರಗಾದೆ. ನಾವು ದುಡ್ಡು ಕೊಡುವುದು ಒಂದು ಕಿಲೋಗೆ, ಉಳಿದ ಆರು ಕಿಲೋ ಪುಕ್ಕಟೆ. ಆದರೆ ಆ ಪುಕ್ಕಟೆಯದನ್ನು ಸರಿಯಾಗಿ ಕೊಡದಿದ್ದರೆ ದುಡ್ಡು ಕೊಟ್ಟದ್ದು ಹೊಗೆಯಾಗಿ ಹೋಗುತ್ತದೆ.

ತಳದ ತಗಡು ಪೂರ್ತಿ ತೆರೆದಿದ್ದರೆ ಅನಿಲ ಒಮ್ಮೆಲೇ ನುಗ್ಗಿ ಬರುತ್ತದೆ, ಮೇಲಿನ ಗಾಳಿ ಸಾಲದೆ ಉರಿ ಉದ್ದುದ್ದ ಹಳದಿಯಾಗಿ ಎದ್ದು ಹಂಡೆಗೆ ಮಸಿ ಹಿಡಿಯುತ್ತದೆ. ಫ್ಯಾನು ಅತಿಯಾದರೆ ಭರ್ರೆಂದು ಸದ್ದು, ಶಾಖವೆಲ್ಲ ಹಂಡೆಯನ್ನು ಸವರಿಕೊಂಡು ಆಕಾಶಕ್ಕೆ. ಕಡಿಮೆಯಾದರೆ ಉರಿ ಆರಿ ಬಿಳಿ ಹೊಗೆ, ಕೆಳಮನೆಯವರು ಮೆಟ್ಟಿಲ ಮೇಲೆ.

ಎಂ.ಕಾಂ. ಓದಿದವನಿಗೆ ಇಷ್ಟು ಸಿಕ್ಕರೆ ಸಾಕು. ಒಂದು ನೋಟ್‌ಬುಕ್ ಇಟ್ಟೆ. ತಾರೀಖು, ಪೆಲೆಟ್ ತೂಕ, ತಿರುಪಿನ ಗುರುತು, ನಿಮಿಷ, ಷರಾ. ನಲವತ್ತು ಲೀಟರ್ ನೀರನ್ನು 22 ಡಿಗ್ರಿಯಿಂದ 50ಕ್ಕೆ ಏರಿಸಲು 1,120 ಕಿಲೋಕ್ಯಾಲೊರಿ ಬೇಕು. ಒಂದು ಕಿಲೋ ಪೆಲೆಟಿನಲ್ಲಿ 3,800 ಎಂದು ಹಿಡಿದುಕೊಂಡೆ. ಮೊದಲ ದಿನ ಒಂದೂಮುಕ್ಕಾಲು ಕಿಲೋ ಮುಗಿದಿತ್ತು, ಎಂದರೆ ಆರರಲ್ಲೊಂದು ಪಾಲು ನೀರಿಗೆ, ಐದು ಪಾಲು ಗಚ್ಚಿಬೌಲಿಗೆ. ಹಂಡೆಯ ಸುತ್ತ ತಗಡಿನ ಬಳೆ ಮಾಡಿಸಿ ಬೆರಳಗಲ ಸಂದು ಬಿಟ್ಟೆ. ತಳದ ತಗಡು ಮೂರನೇ ಒಂದು ಪಾಲು ಮಾತ್ರ ತೆರೆದೆ. ಡಿಸೆಂಬರ್ ಕೊನೆಗೆ 1.1 ಕಿಲೋಗೆ ಇಳಿಯಿತು. ಹೆಂಡತಿ, "ರೀ, ಬ್ಯಾಂಕಲ್ಲಿ ಇಷ್ಟು ಶ್ರದ್ಧೆ ಇದ್ದಿದ್ರೆ ಜನರಲ್ ಮ್ಯಾನೇಜರ್ ಆಗಿರ್ತಿದ್ರಿ" ಎಂದಳು.

ಅಮ್ಮ ದಿನಾ ಮಿಂದಳು. ಮಿಂದು ಬಂದು ಕೆಂಡದ ಹತ್ತಿರ ಕೂತು ಕೈ ಚಾಚುತ್ತಿದ್ದಳು. ಆ ಮುಖ ನೋಡುವುದೇ ನನಗೆ ಸಾಕಾಗಿತ್ತು.

ಜನವರಿಯ ಒಂದು ಬೆಳಗ್ಗೆ ಗಾಳಿ ಜೋರಿತ್ತು. ನೀರು ಕಾದ ಮೇಲೆ ಒಲೆಯಲ್ಲಿ ನಿಗಿನಿಗಿ ಕೆಂಡ ಉಳಿದಿತ್ತು. ಉರಿ ಇಲ್ಲ, ಹೊಗೆ ಇಲ್ಲ. ಹಿಡಿ ಹಿಡಿದು ಒಲೆಯನ್ನು ಟೆರೇಸಿನ ಸಣ್ಣ ಕೋಣೆಯೊಳಗೆ ತಂದಿಟ್ಟೆ. ಕೆಂಡ ಬೇಗ ಮುಗಿಯದಿರಲಿ ಎಂದು ಫ್ಯಾನು ನಿಲ್ಲಿಸಿ, ತಳದ ತಗಡು ಮುಚ್ಚಿದೆ. ಚಳಿಗಾಳಿ ಬರದಿರಲಿ ಎಂದು ಬಾಗಿಲೂ ಮುಚ್ಚಿದೆ. ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ ಪೇಪರ್ ತರಲು ಕೆಳಗಿಳಿದೆ. ನೋಟ್‌ಬುಕ್ಕಿನಲ್ಲಿ ಅದಕ್ಕೂ ಒಂದು ಕಾಲಮ್ ಮಾಡಿದ್ದೆ, ‘ಕೆಂಡ ಉಳಿದ ನಿಮಿಷ’.

ಹೆಂಡತಿ ಕಾಫಿ ಹಿಡಿದು ಹೋದಾಗ ಅಮ್ಮ ಗೋಡೆಗೆ ಒರಗಿದ್ದಳಂತೆ. ತಲೆ ಸಿಡಿಯುತ್ತದೆ, ವಾಂತಿ ಬರುವಂತಾಗುತ್ತದೆ ಎಂದಳಂತೆ. ಇವಳು ಬಾಗಿಲು ತೆಗೆದು, ಅಮ್ಮನನ್ನು ಎಳೆದುಕೊಂಡೇ ಹೊರಗೆ ತಂದು ನನ್ನನ್ನು ಕೂಗಿದಳು. ಮಗ ಕೋವಿಡ್ ಕಾಲದ ಬೆರಳಿಗೆ ಹಾಕುವ ಯಂತ್ರ ತಂದು ಹಾಕಿದ. 96 ತೋರಿಸಿತು. ನನಗೆ ಜೀವ ಬಂತು. ಆದರೂ ಆಸ್ಪತ್ರೆಗೆ ಹೋದೆವು, ಹೋದದ್ದು ಒಳ್ಳೆಯದಾಯಿತು. ಕೆಂಡದ ಕಾರ್ಬನ್ ಮಾನಾಕ್ಸೈಡ್ ರಕ್ತ ಸೇರಿದಾಗ ಈ ಯಂತ್ರ ಅದನ್ನೂ ಆಮ್ಲಜನಕ ಎಂದೇ ಓದುತ್ತದೆ, ನಂಬಬಾರದು ಎಂದು ಅಲ್ಲಿಯ ಡಾಕ್ಟರು ಹೇಳಿ ಆಮ್ಲಜನಕ ಕೊಟ್ಟರು. ಸಂಜೆಗೆ ಮನೆಗೆ ಕಳಿಸಿದರು. ಉತ್ತರ ಭಾರತದಲ್ಲಿ ಚಳಿಗಾಲದ ರಾತ್ರಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿದವರ ಸುದ್ದಿ ಪ್ರತಿವರ್ಷ ಪೇಪರಿನಲ್ಲಿ ಓದುತ್ತಿದ್ದೆ. ಓದಿ ಅಯ್ಯೋ ಪಾಪ ಅನ್ನುತ್ತಿದ್ದೆ. ಗಾಳಿ ಸಾಲದ ಕೆಂಡಕ್ಕೆ ಹೊಗೆಯೂ ಇಲ್ಲ, ವಾಸನೆಯೂ ಇಲ್ಲ. ನೂರು ಗ್ರಾಂ ಪೆಲೆಟ್ ಉಳಿಸಲು ಹೋಗಿ ನಾನು ಅಮ್ಮನನ್ನು ಅದರ ಜೊತೆ ಬಾಗಿಲು ಹಾಕಿ ಕೂರಿಸಿದ್ದೆ.

ಒಂದು ತಿಂಗಳು ಒಲೆ ಮುಟ್ಟಲಿಲ್ಲ. ಸೊಸೆ, "ಮಾವ, ಅದನ್ನ ಕೊಟ್ಟುಬಿಡೋಣ" ಎಂದಳು. ನಾನೂ ಹೂಂ ಅಂದೆ. ಗುಜರಿಯವನನ್ನು ಕರೆದದ್ದೂ ಆಯಿತು. ಅಮ್ಮ ಬಿಡಲಿಲ್ಲ. "ನಮ್ಮ ಬಚ್ಚಲಿಗೆ ಮಾಡು ಇತ್ತು, ಆದ್ರೆ ಬಾಗಿಲು ಇತ್ತಾ? ನೀನು ಬಾಗಿಲು ಹಾಕಿದ್ದು ತಪ್ಪು. ಒಲೆ ಎಂತ ಮಾಡಿತ್ತು?" ನಿಜ, ನಮ್ಮ ಬಚ್ಚಲುಮನೆಗೆ ಅರ್ಧಗೋಡೆ, ಮೇಲೆಲ್ಲ ಬಯಲು. ಹೊಗೆ ಕಣ್ಣುರಿಸಿದಾಗ ಎದ್ದು ಹೋಗುತ್ತಿದ್ದೆವು. ಈ ಒಲೆ ಕಣ್ಣುರಿಸುವುದೂ ಇಲ್ಲ.

ಈಗ ಒಲೆ ಶೀಟಿನ ಕೆಳಗಿಂದ ಕದಲುವುದಿಲ್ಲ. ಉರಿ ಮುಗಿದು ಕೆಂಡ ಉಳಿದಾಗ ಫ್ಯಾನು ನಿಲ್ಲಿಸುವುದಿಲ್ಲ, ಸಣ್ಣಗೆ ಬಿಟ್ಟಿರುತ್ತೇನೆ. ಬೂದಿ ಬೆಳ್ಳಗಾಗುವವರೆಗೆ ಅದು ಓಡಬೇಕು. ಅಮ್ಮನ ಸ್ಟೂಲು ಗಾಳಿ ಬರುವ ಕಡೆ, ಆರಡಿ ದೂರ. ‘ಕೆಂಡ ಉಳಿದ ನಿಮಿಷ’ದ ಕಾಲಮ್ ಹೊಡೆದುಹಾಕಿದೆ.

ಅಲ್ಲಿಂದ ತಿರುಪಿನ ಯಜಮಾನಿಕೆಯೂ ನನ್ನ ಕೈಬಿಟ್ಟಿತು. ಅಮ್ಮನಿಗೆ ಕಣ್ಣು ಮಂಜು, ಉರಿಯ ಬಣ್ಣ ಅಷ್ಟಾಗಿ ಕಾಣದು. ಕಿವಿ ಮಾತ್ರ ಚುರುಕು. "ಗುಂಯ್ ಅನ್ಬಾರ್ದು, ಸುಂಯ್ ಅನ್ಬೇಕು. ಒಂದು ನೂಲು ಇಳಿಸು" ಎನ್ನುತ್ತಾಳೆ. ಇಳಿಸುತ್ತೇನೆ. ತೂಕ ಹಾಕಿ ನೋಡಿದರೆ ನನ್ನ ಗುರುತಿಗಿಂತ ಐವತ್ತು ಗ್ರಾಂ ಉಳಿತಾಯ! ಆ ವರ್ಷದ ಮಳೆಗಾಲದಲ್ಲಿ ಏನು ಮಾಡಿದರೂ ಒಲೆ ಹೊಗೆಯಾಡತೊಡಗಿತು. ತಗಡು ಸರಿಸಿದೆ, ಫ್ಯಾನು ಬಿಚ್ಚಿ ಒರೆಸಿದೆ, ನೋಟ್‌ಬುಕ್ಕಿನ ಎರಡು ಪುಟ ತುಂಬಿತು. ಅಮ್ಮ ಒಂದು ಪೆಲೆಟ್ ತೆಗೆದು ಬೆರಳಲ್ಲಿ ಮುರಿದಳು. ಟಕ್ ಅನ್ನಲಿಲ್ಲ, ಮೆತ್ತಗೆ ಪುಡಿಯಾಯಿತು. "ಥಂಡಿ ಹಿಡಿದಿದೆ, ಗಾಳಿ ಎಂತ ಮಾಡ್ತದೆ?" ಚೀಲವನ್ನು ಮುಚ್ಚಳವಿರುವ ಡ್ರಮ್ಮಿಗೆ ಸುರಿದೆವು.

ಕಳೆದ ದೀಪಾವಳಿಗೆ ಅಮ್ಮ ನೀರು ತುಂಬುವ ಹಬ್ಬ ಮಾಡಿಸಿದಳು. ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದದ್ದಾಯಿತು. ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಈ ಊರಿನಲ್ಲಿ ಎಲ್ಲಿಂದ ತರುವುದು? ಇವರು ಬಂತಿ ಪೂಲು ಎನ್ನುವ ಚೆಂಡುಹೂವಿನ ಮಾಲೆಯನ್ನೇ ಸುತ್ತಿದೆವು. ಬೆಳಗಿನ ಜಾವ ಮೊಮ್ಮಗಳಿಗೆ ಎಣ್ಣೆ ಹಚ್ಚಿ ಕೂರಿಸಿದ್ದೆವು. ಕೆಳಮನೆಯ ಓನರ್ ಮತ್ತೆ ಮೆಟ್ಟಿಲು ಹತ್ತಿ ಬಂದರು. ನಾನು ಗಾಬರಿಯಿಂದ ಉರಿ ನೋಡಿದೆ, ಹೊಗೆ ಇರಲಿಲ್ಲ. ಅವರ ಕೈಯಲ್ಲಿ ಬಕೆಟ್ ಇತ್ತು. ಅವರ ತಾಯಿಗೂ ಹಂಡೆ ನೀರು ಬೇಕಂತೆ.

ಅಮ್ಮ ನನ್ನ ಕಡೆ ತಿರುಗಿ, "ಇನ್ನೊಂದು ಹಿಡಿ ಹಾಕು. ಗಾಳಿ ಒಂದು ನೂಲು ಏರಿಸು" ಎಂದಳು. ಆ ದಿನದ ಪುಟದಲ್ಲಿ ಹೀಗಿದೆ: 1.4 ಕಿಲೋ. ಷರಾ: ಕೆಳಮನೆಗೆ ಒಂದು ಬಕೆಟ್.