ಪ್ರತಿನಿಧಿಯ ಮನೆಯ ಬಾಗಿಲು

ಊರಿನ ಪ್ರತಿನಿಧಿಯ ಮನೆಗೆ ಕಾವಲಿರಬೇಕೆ, ಇರಬೇಕಾದರೆ ಅದರ ವೆಚ್ಚವನ್ನು ಯಾರು ಕೊಡಬೇಕು ಎಂಬುದು ಮೇಲ್ನೋಟಕ್ಕೆ ಸರಕಾರದವರು ಮಾತ್ರ ಯೋಚಿಸತಕ್ಕ ವಿಷಯವಾಗಿ ತೋರುವುದು. ಆದರೆ ತೆರಿಗೆ ಕೊಡುವವರು ಗೃಹಸ್ಥರಾದ ನಾವು. ಆ ಬಾಗಿಲನ್ನು ತಟ್ಟುವವರೂ ನಾವೇ. ಆದುದರಿಂದ ಮನೆಮಂದಿಯೆಲ್ಲ ಓದುವ ಪುಟದಲ್ಲಿ ಈ ಮಾತನ್ನೆತ್ತುವುದು ಅನುಚಿತವಾಗಲಾರದು.

ನಮ್ಮ ಕೃಷ್ಣರಾಜಪುರವು 2007ರವರೆಗೆ ತನ್ನದೇ ನಗರಸಭೆಯುಳ್ಳ ಊರಾಗಿದ್ದಿತು; ಆ ವರ್ಷ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಸೇರಿಹೋಯಿತು. ನಗರಸಭೆಯ ಕಾಲದಲ್ಲಾಗಲಿ ಪಾಲಿಕೆಯ ಕಾಲದಲ್ಲಾಗಲಿ ನಮ್ಮ ಬೀದಿಯವರ ರೂಢಿ ಮಾತ್ರ ಒಂದೇ ಆಗಿದ್ದಿತು. ನಲ್ಲಿಯಲ್ಲಿ ನೀರು ಬಾರದಿದ್ದರೆ, ಮೋರಿ ಕಟ್ಟಿಕೊಂಡರೆ, ಬೀದಿಯ ದೀಪ ಕೆಟ್ಟರೆ, ಬೆಳಗಾಗುತ್ತಲೇ ಸದಸ್ಯರ ಮನೆಗೆ ನಡೆಯುವುದು! ಕಚೇರಿಯ ಬಾಗಿಲು ತೆರೆಯುವುದು ಹತ್ತು ಗಂಟೆಗೆ. ಮನೆಯ ಬಾಗಿಲು ಆರಕ್ಕೇ ತೆರೆದಿರುವುದು. ಜಗಲಿಯ ಮೇಲೆ ಕಾದು ಕುಳಿತವರಿಗೆ ಒಳಗಿನಿಂದ ಕಾಫಿಯೂ ಬರುತ್ತಿದ್ದಿತು. ಆ ಕಾಫಿಯನ್ನು ಕಾಸಿದ ಗೃಹಿಣಿಯಾಗಲಿ, ನಮ್ಮ ನಡುವೆ ದಾರಿ ಮಾಡಿಕೊಂಡು ಶಾಲೆಗೆ ಹೊರಡುತ್ತಿದ್ದ ಮಕ್ಕಳಾಗಲಿ ಚುನಾವಣೆಗೆ ನಿಂತವರಲ್ಲ. ಪದವಿ ಒಬ್ಬರದು, ಅದರ ಅಪಾಯವಾದರೋ ಮನೆಮಂದಿಗೆಲ್ಲ.

ಅಪಾಯವು ಕಲ್ಪಿತವಾದುದಲ್ಲ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಕಾವಲ್ ಬೈರಸಂದ್ರದಲ್ಲಿ, ಪುಲಕೇಶಿನಗರದ ಶಾಸಕರಾಗಿದ್ದ ಅಖಂಡ ಶ್ರೀನಿವಾಸಮೂರ್ತಿಯವರ ಮನೆಗೆ ಗುಂಪೊಂದು ಬೆಂಕಿಯಿಟ್ಟಿತು. ಅದೇ ರಾತ್ರಿ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳ ಪೊಲೀಸು ಠಾಣೆಗಳೂ ದಾಳಿಗೆ ಗುರಿಯಾದುವು. ಠಾಣೆಯನ್ನು ಕಾಯುವುದೇ ದುಸ್ತರವಾದಾಗ ಗೇಟಿನ ಮುಂದಿನ ಇಬ್ಬರು ಪೇದೆಗಳಿಂದ ಏನಾದೀತು?

ಪಾಲಿಕೆಯ ಮಾಜಿ ಸದಸ್ಯೆ ರೇಖಾ ಕದಿರೇಶ್ ಅವರ ದುರಂತವು ಬೇರೆ ಬಗೆಯದು. ಅವರ ಪತಿ 2018ರಲ್ಲಿ ಕೊಲೆಯಾಗಿದ್ದರು. 2021ರ ಜೂನ್ 24ರಂದು, ಕಾಟನ್‌ಪೇಟೆಯ ತಮ್ಮ ನೆಲೆಯಲ್ಲಿಯೇ, ಹಗಲು ಹೊತ್ತಿನಲ್ಲಿ, ಅವರೂ ಹತರಾದರು. ಅಲ್ಲಿ ಕ್ಯಾಮೆರಾಗಳಿದ್ದುವು, ಅವುಗಳ ಮುಖವನ್ನು ಮೊದಲೇ ತಿರುಗಿಸಲಾಗಿತ್ತೆಂದು ಆಗ ವರದಿಯಾಯಿತು. ಪೊಲೀಸರು ಬಂಧಿಸಿದವರಲ್ಲಿ ಆ ಕುಟುಂಬದ ಪರಿಚಿತರೇ ಇದ್ದರು. ಇನ್ನೊಂದನ್ನು ವಾಚಕರು ಗಮನಿಸಬೇಕು: ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿದಿದ್ದಿತು. ಪದವಿ ಹೋದ ದಿನವೇ ಹಗೆಯೂ ಹೋಗುವುದಿಲ್ಲ.

ಇದು ನಮ್ಮ ದೇಶದ ಪಾಡು ಮಾತ್ರವೇ ಅಲ್ಲ. ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಶಾಸನಸಭೆಯ ಸದಸ್ಯೆ ಮೆಲಿಸ್ಸಾ ಹಾರ್ಟ್‌ಮನ್ನರೂ ಅವರ ಪತಿಯೂ 2025ರ ಜೂನ್ 14ರಂದು ತಮ್ಮ ಮನೆಯಲ್ಲಿಯೇ ಗುಂಡಿಗೆ ಬಲಿಯಾದರು. ನಸುಕಿನಲ್ಲಿ ಬಾಗಿಲಿಗೆ ಬಂದವನು ಪೊಲೀಸು ವೇಷವನ್ನು ತೊಟ್ಟಿದ್ದನು.

ಹಾಗಾದರೆ ಸಾರ್ವಜನಿಕರ ಹಣವನ್ನು ಇದಕ್ಕೆ ಕೊಡಬಹುದೆ? ಕೊಡಬಹುದೆಂದೇ ನಮ್ಮ ಅಭಿಪ್ರಾಯ. ಸ್ವಂತ ಹಣದಿಂದ ಕಾವಲು ಇಟ್ಟುಕೊಳ್ಳಬಲ್ಲವರು ಮಾತ್ರವೇ ನಿರ್ಭಯರಾಗಿರುವುದಾದರೆ ಸಾಧಾರಣ ಗೃಹಸ್ಥನು ಚುನಾವಣೆಗೆ ನಿಲ್ಲಲಾರನು. 2015ರ ಪಾಲಿಕೆಯ ಚುನಾವಣೆಯಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿದ್ದುವು. ಮನೆಯವರು ಭಯದಿಂದ ಬೇಡವೆಂದರೆ ಆ ಮೀಸಲಾತಿಯಿಂದ ಫಲವೇನು?

ಆದರೆ ಕಾವಲು ಅಲಂಕಾರವಾಗಬಾರದು. ಬೆನ್ನ ಹಿಂದೆ ಬಂದೂಕಿನವನಿದ್ದರೆ ದೊಡ್ಡಸ್ತಿಕೆಯೆಂದು ಭಾವಿಸುವವರು ನಮ್ಮಲ್ಲಿ ಇಲ್ಲದಿಲ್ಲ. ಬೆಂಗಳೂರಿನ ಪೊಲೀಸರು ಪಾಲಿಕೆಯ ಅಧೀನರಲ್ಲ, ರಾಜ್ಯ ಸರಕಾರದ ಅಧೀನರು. ಒಬ್ಬರ ಗೇಟಿಗೆ ನಿಂತ ಪೇದೆಯು ಸಂತೆಯ ಬೀದಿಯಿಂದಲೋ ರೈಲು ನಿಲ್ದಾಣದ ದಾರಿಯಿಂದಲೋ ಕಳೆದುಹೋದ ಪೇದೆಯೇ. ಆದುದರಿಂದ ಬೆದರಿಕೆ ನಿಜವೇ ಎಂಬುದನ್ನು ಪೊಲೀಸರು ವಿಚಾರಿಸಿ ಬರಹದಲ್ಲಿ ತಿಳಿಸತಕ್ಕದ್ದು. ಕಾವಲಿಗೆ ಅವಧಿಯನ್ನು ಗೊತ್ತುಪಡಿಸಿ, ಅದು ಮುಗಿದಾಗ ಮತ್ತೆ ಪರಿಶೀಲಿಸತಕ್ಕದ್ದು. ಅಪಾಯವುಳ್ಳವರಿಗೆ ಪದವಿ ಹೋದರೂ ಅದನ್ನು ಮುಂದುವರಿಸತಕ್ಕದ್ದು. ಇಲ್ಲದವರಿಗೆ ಪದವಿಯಿದ್ದರೂ ಕೊಡದಿರತಕ್ಕದ್ದು. ಗಟ್ಟಿಯಾದ ಬಾಗಿಲು, ಬೀದಿಗೊಂದು ಒಳ್ಳೆಯ ದೀಪ, ಕರೆದೊಡನೆ ಓಗೊಡುವ ಠಾಣೆ—ಇವುಗಳ ಬೆಲೆ ಬಂದೂಕಿಗಿಂತ ಕಡಮೆ, ಪ್ರಯೋಜನವಾದರೋ ನೆರೆಹೊರೆಗೆಲ್ಲ.

ಎಲ್ಲಕ್ಕಿಂತ ಮೊದಲು ಬೇಕಾದುದು ಮತ್ತೊಂದುಂಟು: ಪ್ರತಿಯೊಂದು ವಾರ್ಡಿನಲ್ಲಿಯೂ ಬೆಳಿಗ್ಗೆ ಸಂಜೆ ತೆರೆದಿರುವ ಒಂದು ಕಚೇರಿ. ಜನರನ್ನು ಕಾಣುವುದಕ್ಕೆ ಬೇರೆ ಸ್ಥಳವಿಲ್ಲದೆ ಮನೆಯೇ ಚಾವಡಿಯಾದರೆ, ಅಲ್ಲಿ ಕಾವಲುಗಾರನಿಗೂ ಧರ್ಮಸಂಕಟ. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು? ದೂರು ಹೇಳಲು ಬಂದ ಮುದುಕಿಯನ್ನು ತಡೆದರೆ ಅಪಕೀರ್ತಿ. ಅಪರಿಚಿತನನ್ನು ಬಿಟ್ಟರೆ ಭಯ. ಕಚೇರಿಯ ಬಾಗಿಲು ಎಲ್ಲರಿಗೂ ತೆರೆದಿದ್ದಲ್ಲಿ ಮನೆಯ ಬಾಗಿಲನ್ನು ಮುಚ್ಚುವುದಕ್ಕೆ ಪ್ರತಿನಿಧಿಯು ಸಂಕೋಚಪಡಬೇಕಾಗಿಲ್ಲ, ಮುಚ್ಚಿದರೆಂದು ನಾವು ಮುನಿಯಬೇಕಾಗಿಯೂ ಇಲ್ಲ.

2020ರ ತರುವಾಯ ಐದು ವರ್ಷಕ್ಕೂ ಮಿಕ್ಕಿ ಬೆಂಗಳೂರಿನ ವಾರ್ಡುಗಳಿಗೆ ಚುನಾಯಿತ ಸದಸ್ಯರಿಲ್ಲದೆ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ನಗರವು ಐದು ಪಾಲಿಕೆಗಳಾಗಿ ವಿಭಾಗವಾದಾಗ ಕೃಷ್ಣರಾಜಪುರವು ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿತು. ಹೊಸ ಪಾಲಿಕೆಯ ಸದಸ್ಯರಾಗುವವರು ಮೊದಲು ಕೇಳಬೇಕಾದುದು ಈ ಕಚೇರಿಯನ್ನು. ನಾವು ಗೃಹಸ್ಥರು ಮಾಡತಕ್ಕದ್ದೂ ಒಂದುಂಟು: ಅದು ತೆರೆದ ಮೇಲೆ ನಮ್ಮ ಮೋರಿಯ ಮಾತನ್ನು ಅಲ್ಲಿಯೇ ಆಡಿ, ಬೆಳಗಿನ ಆರು ಗಂಟೆಯನ್ನು ಆ ಮನೆಯ ಮಕ್ಕಳಿಗೆ ಬಿಟ್ಟುಕೊಡುವುದು.