ರೋಡ್ ಬೈಕಿಗೆ ಎಷ್ಟು ರೊಕ್ಕ ಹಾಕಬೇಕು?



ಯುವಜನ ಕೂಟಕ್ಕೆ ಬಾಗಿದ ಹ್ಯಾಂಡಲ್ಲಿನ ಸೈಕಲ್ ತರಲು ಶುರುಮಾಡಿದ ಮೇಲೆ ನನಗೆ ಬರುವ ಪ್ರಶ್ನೆ ಒಂದೇ: "ಎಷ್ಟು ಬಿತ್ತು?" ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸೈಕಲ್ಲಿಗೆ 29,000, ಅದರ ಜೊತೆಗಿನ ಸಾಮಾನಿಗೆ 6,000, ಒಟ್ಟು 35,000 ರೂಪಾಯಿ. ನಿಮ್ಮಲ್ಲಿ ಕೆಲವರು ಈಗ ಇದೇ ಲೆಕ್ಕದಲ್ಲಿ ಕೂತಿದ್ದೀರಿ. ಅದಕ್ಕೇ ಆ ಅಂಕಿಗೆ ನಾನು ಹೇಗೆ ಬಂದೆ ಎಂದು ಬರೆಯುತ್ತಿದ್ದೇನೆ.

ತಿಂಗಳಿಗೆ ಎರಡು ಭಾನುವಾರ ನಾನು ಮೊದಲ ಪೂಜೆ ಮುಗಿಸಿ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುತ್ತೇನೆ. ಅಲ್ಲಿ ನಮ್ಮವರ ಐದಾರು ಮನೆಗಳಿವೆ, ಒಂದು ಮನೆಯ ಪಡಸಾಲೆಯಲ್ಲಿ ಮಕ್ಕಳಿಗೆ ಕನ್ನಡದಲ್ಲಿ ಧರ್ಮೋಪದೇಶ. ಕುಂಭಾರಿ, ವಳಸಂಗ ದಾಟಿ ಹೋಗುವ ಈ ದಾರಿ ಹೆಚ್ಚುಕಡಿಮೆ 40 ಕಿಲೋಮೀಟರ್. ಬಸ್ಸಿಗೇನೂ ಕೊರತೆಯಿಲ್ಲ. ಸೈಕಲ್ ತುಳಿಯುವುದು ನನಗೆ ಇಷ್ಟ, ಅಷ್ಟೆ. ಸೇವೆಗೆಂದೇ ಕೊಂಡೆ ಎಂದು ಹೇಳಿದರೆ ಅದು ಪೂರ್ತಿ ನಿಜವಾಗುವುದಿಲ್ಲ.

ಆರು ತಿಂಗಳು ಅಪ್ಪನ ಹಳೆಯ ಅಟ್ಲಾಸ್ ಸೈಕಲ್ಲಿನಲ್ಲೇ ಹೋಗಿ ಬಂದೆ. ಅಪ್ಪ ಮಿಲ್ಲಿಗೆ ಪಾಳಿಗೆ ಹೋಗುತ್ತಿದ್ದದ್ದು ಅದರ ಮೇಲೆ. ಮಿಲ್ ಮುಚ್ಚಿತು, 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆಯೂ ನಿಂತಿತು, ಸೈಕಲ್ ಮಾತ್ರ ಇನ್ನೂ ಗಟ್ಟಿಯಾಗಿದೆ. ಹೊಸದು ಕೊಳ್ಳುವ ಆಸೆಯಿರುವವರಿಗೆ ನನ್ನ ಮೊದಲ ಮಾತು ಇದೇ: ಮನೆಯಲ್ಲಿರುವ ಸೈಕಲ್ಲಿನಲ್ಲೇ ಕೆಲವು ತಿಂಗಳು ಓಡಾಡಿ. ನಿಮಗೆ ಏನು ಬೇಕು ಎಂದು ಆ ದಾರಿಯೇ ತೋರಿಸುತ್ತದೆ. ನನಗೆ ತೋರಿಸಿದ್ದು ಮೂರು ಸಂಗತಿ.

ಒಂದು, ಗಾಳಿ. ಅಕ್ಕಲಕೋಟೆ ಸೊಲ್ಲಾಪುರಕ್ಕೆ ಆಗ್ನೇಯದಲ್ಲಿದೆ. ಮುಂಗಾರಿನಲ್ಲಿ ಪಡುವಣ ಗಾಳಿ ಹೋಗುವಾಗ ಬೆನ್ನಿಗೆ ತಳ್ಳುತ್ತದೆ, ಬರುವಾಗ ಎದೆಗೆ ಒದೆಯುತ್ತದೆ. ನೆಟ್ಟಗೆ ಕೂತು ತುಳಿಯುವ ಅಟ್ಲಾಸಿನಲ್ಲಿ ವಾಪಸಾಗಲು ಮೂರು ತಾಸು ದಾಟುತ್ತಿತ್ತು. ಬಾಗಿದ ಹ್ಯಾಂಡಲ್ಲಿಗೆ ರೊಕ್ಕ ಕೊಡುವುದು ಇದಕ್ಕೆ. ಮೈ ಬಗ್ಗಿದಷ್ಟೂ ಗಾಳಿಗೆ ಸಿಗುವುದು ಕಡಿಮೆ. ಎರಡು, ನೆಲ. ಜೋಳದ ಹೊಲಗಳ ನಡುವೆ ದಾರಿ ಸಾಕಷ್ಟು ಸಪಾಟಾಗಿದೆ, ಘಾಟಿಲ್ಲ. ಹಾಗಾಗಿ ಇಪ್ಪತ್ತು ಇಪ್ಪತ್ತೆರಡು ಗೇರುಗಳ ಅವಶ್ಯಕತೆ ನನಗಿಲ್ಲ. ಮೂರು, ಜಾಲಿ ಮುಳ್ಳು. ಕಬ್ಬಿನ ಟ್ರಾಲಿಗಳ ಕಾಲದಲ್ಲಿ ರಸ್ತೆಯ ಅಂಚಿಗೆ ಇಳಿಯಲೇಬೇಕಾಗುತ್ತದೆ, ಮುಳ್ಳು ಇರುವುದೂ ಅಲ್ಲೇ. 23 ಮಿಲಿಮೀಟರಿನ ತೆಳು ಟಯರ್ ನಮ್ಮ ಕಡೆಗಲ್ಲ. 28ಕ್ಕಿಂತ ಕಡಿಮೆ ಬೇಡ, 32 ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನು ಬೆಲೆ. ನಾನು ನೋಡಿದಂತೆ ಸಾದಾ ಸೈಕಲ್ 6ರಿಂದ 8 ಸಾವಿರ, ನೆಟ್ಟ ಹ್ಯಾಂಡಲ್ಲಿನ ಹೈಬ್ರಿಡ್ 12ರಿಂದ 20 ಸಾವಿರ, ನಿಜವಾದ ರೋಡ್ ಬೈಕ್ ಶುರುವಾಗುವುದು 25–30 ಸಾವಿರಕ್ಕೆ. ಆಮೇಲೆ ಬೆಲೆ ಏರುವುದು ಮುಖ್ಯವಾಗಿ ಗೇರಿನ ಸೆಟ್ಟಿನ ಮೇಲೆ. ಶಿಮಾನೊ ಕಂಪನಿಯದೇ ಮೆಟ್ಟಿಲುಗಳಿವೆ: ಟೂರ್ನಿ ಎಂದರೆ ಹಿಂದೆ 7 ಹಲ್ಲುಚಕ್ರ, ಕ್ಲಾರಿಸ್ 8, ಸೋರಾ 9. ಒಂದೊಂದು ಮೆಟ್ಟಿಲಿಗೂ ಸಾವಿರಾರು ರೂಪಾಯಿ. ಗೇರ್ ಇನ್ನಷ್ಟು ನಯವಾಗಿ ಬೀಳುತ್ತದೆ, ಬ್ರೇಕಿನಿಂದ ಕೈ ತೆಗೆಯದೆಯೇ ಬದಲಿಸಬಹುದು. ಅದು ಸುಖವೇ, ಸುಳ್ಳಲ್ಲ. ನನ್ನದರಲ್ಲಿ ಗೇರ್ ಲಿವರ್ ಬೇರೆ ಕಡೆ ಇದೆ, ಕೈ ಸರಿಸಬೇಕು. ಸಪಾಟು ದಾರಿಯಲ್ಲಿ ತಾಸಿಗೆ ಎಷ್ಟು ಸಲ ಸರಿಸುತ್ತೇನೆ? ಹತ್ತು ಸಲವೂ ಇಲ್ಲ. ಇನ್ನೊಂದು ಮಾತು, 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಅದಕ್ಕಿಂತ ಹಳೆಯ ಬೆಲೆ ಯಾರಾದರೂ ಹೇಳಿದರೆ ನಂಬಬೇಡಿ. 29,000ದ ಸೈಕಲ್ಲಿನಲ್ಲಿ ಅದು ಸುಮಾರು 1,900 ರೂಪಾಯಿಯ ಮಾತು.

ನನ್ನ ಕೈಯಲ್ಲಿ ಇದ್ದದ್ದು ಎರಡು ವರ್ಷ ಕೂಡಿಟ್ಟ 56,000. ಮನಸ್ಸು ಕೂತಿದ್ದು 48,000ದ ಒಂದು ಸೈಕಲ್ ಮೇಲೆ. ಪುಣೆಯ ಅಂಗಡಿಯಲ್ಲಿ ಎರಡು ಸುತ್ತು ಹೊಡೆದೂ ನೋಡಿದ್ದೆ. ಅಂಗಡಿಯವರು ಕಂತಿನ ಕಾಗದವನ್ನೂ ಮುಂದೆ ಹಿಡಿದರು. ಮನೆಗೆ ಬಂದು ಹೇಳಿದಾಗ ಅವ್ವ, "ಸೈಕಲ್ಲಿಗೆ ಅಷ್ಟ ರೊಕ್ಕಾ? ಅದಕ್ಕ ಎಂಜಿನ್ ಐತೇನು?" ಎಂದು ನಕ್ಕಳು. ಅಪ್ಪ ನಗಲಿಲ್ಲ. "ನಿನ್ನ ರೊಕ್ಕ, ನೀ ಗಳಿಸಿದ್ದು. ತಗೊಳ್ಳೋದಿದ್ದರ ತಗೋ. ಕಂತಿನ ಮ್ಯಾಲ ಮಾತ್ರ ಬ್ಯಾಡ" ಎಂದರು. ಬೈದಿದ್ದರೆ ಜಗಳವಾಡಬಹುದಿತ್ತು.

ತಂಗಿ ನರ್ಸಿಂಗ್ ಓದುತ್ತಿದ್ದಾಳೆ. ಅವಳ ಎರಡನೇ ಕಂತು 18,000 ಆಗಸ್ಟಿಗೆ ಕಟ್ಟಬೇಕಿತ್ತು, ಅದು ನನ್ನ ಪಾಲು ಎಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. 48,000ದ ಸೈಕಲ್, ಮೇಲೆ 6,000ದ ಸಾಮಾನು, ಉಳಿಯುವುದು 2,000. ರಾತ್ರಿ ಅವಳು ಬಂದು ಸಣ್ಣ ದನಿಯಲ್ಲಿ, "ಅಣ್ಣಾ, ನೀ ಛಲೋದ ತಗೋ. ನಾ ಕಾಲೇಜಿನ್ಯಾಗ ಒಂದೆರಡ ತಿಂಗಳ ತಡಾ ಕೇಳತೇನಿ" ಎಂದಳು.

ಬೆಲೆ ನಿಂತದ್ದು ಆ ಮಾತಿಗೆ. ಎರಡು ಸೈಕಲ್ಲುಗಳ ನಡುವಿನ ಅಂತರ 19,000 ರೂಪಾಯಿ. ಗೇರ್ ಬದಲಿಸಲು ನಾನು ಕೈ ಸರಿಸಬಾರದು ಎಂಬುದಕ್ಕೆ, ಅವಳು ಕಚೇರಿಯ ಕಿಟಕಿಯ ಮುಂದೆ ನಿಂತು ಯಾರನ್ನೋ ಬೇಡಬೇಕಿತ್ತು. 35,000 ಎಂದು ಗೆರೆ ಎಳೆದೆ, ಸಾಮಾನೆಲ್ಲ ಸೇರಿ. 18,000 ಫೀಸಿಗೆ ಹೋಯಿತು, 3,000 ಉಳಿಯಿತು.

ಇಷ್ಟಕ್ಕೂ 35,000 ಹೆಚ್ಚಲ್ಲವೇ ಎಂದು ಕೂಟದಲ್ಲಿ ಒಬ್ಬರು ಕೇಳಿದ್ದರು. ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಗೋಪುರ ಕಟ್ಟುವವನ ಸಾಮತಿ ಇದೆಯಲ್ಲ, ಅದು ಶಿಷ್ಯತ್ವದ ಮಾತು, ಸಂತೆಯ ಲೆಕ್ಕವಲ್ಲ. ಆದರೂ ನನಗೆ ನೆನಪಾದದ್ದು ಅದೇ. ಅಲ್ಲಿ ಪ್ರಭು ಗೋಪುರ ಕಟ್ಟಬೇಡ ಎನ್ನುವುದಿಲ್ಲ. ಮುಗಿಸುವಷ್ಟು ಇದೆಯೇ ಎಂದು ಮೊದಲು ಕೂತು ನೋಡು ಎನ್ನುತ್ತಾರೆ. ನಮ್ಮಲ್ಲಿ ಎಷ್ಟೋ ಗೇರ್ ಸೈಕಲ್ಲುಗಳು ಅಡಿಪಾಯದಲ್ಲೇ ನಿಂತ ಗೋಪುರಗಳು: ಟ್ಯೂಬಿಗೆ, ಚೈನಿಗೆ ರೊಕ್ಕ ತೆಗೆದಿಡದೆ ಟೆರೇಸಿನ ಮೇಲೆ ತುಕ್ಕು ಹಿಡಿದಿವೆ.

ಮುಗಿಸುವ ಖರ್ಚು ಇಷ್ಟು: ಹೆಲ್ಮೆಟ್ 1,800, ನಿಂತು ಹೊಡೆಯುವ ಪಂಪ್ 1,200, ಮುಂದಿನ ಹಿಂದಿನ ದೀಪ 1,100, ಎರಡು ಟ್ಯೂಬ್ 700, ಪಂಕ್ಚರ್ ಪಟ್ಟಿ ಮತ್ತು ಟಯರ್ ಎಬ್ಬಿಸುವ ಲಿವರ್ 250, ಬೀಗ 450, ಬಾಟಲಿ ಮತ್ತು ಅದರ ಹಿಡಿಕೆ 500. ಟ್ಯೂಬ್ ಏಕೆ ಜೊತೆಗಿರಬೇಕೆಂದರೆ ಈ ಅಳತೆಯದು ವಳಸಂಗದ ಪಂಕ್ಚರ್ ಅಂಗಡಿಯಲ್ಲಿ ಸಿಗುವ ಭರವಸೆಯಿಲ್ಲ. ಗಾಳಿಯ ಬಾಯಿಯೂ ಬೇರೆ; ಪ್ರೆಸ್ಟಾ ಎಂಬ ಸಣಕಲು ವಾಲ್ವಿಗೆ ಮೋಟರ್ ಸೈಕಲ್ಲಿಗೆ ಗಾಳಿ ಹಾಕುವ ನಳಿಕೆ ಕೂರುವುದಿಲ್ಲ. ಸಣ್ಣ ಹಿತ್ತಾಳೆಯ ಅಡಾಪ್ಟರ್ ಬರುತ್ತದೆ, ಬೀಗದ ಕೈ ಗೊಂಚಲಿಗೆ ಹಾಕಿಕೊಳ್ಳಿ.

ಅಳತೆಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಸಂದಿಗೆ ದಪ್ಪ ಪುಸ್ತಕ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಆ ಸೆಂಟಿಮೀಟರನ್ನು 0.67ರಿಂದ ಗುಣಿಸಿದರೆ ಫ್ರೇಮಿನ ಅಂದಾಜು ಅಳತೆ. 0.883ರಿಂದ ಗುಣಿಸಿದರೆ ಪೆಡಲಿನ ನಡು ಅಚ್ಚಿನಿಂದ ಸೀಟಿನ ಮೇಲಿನವರೆಗಿನ ಎತ್ತರ. ನನ್ನದು 78, ಫ್ರೇಮ್ 52, ಸೀಟು 69. ಅಳತೆ ತಪ್ಪಿದ ಒಂದು ಲಕ್ಷದ ಸೈಕಲ್ಲಿಗಿಂತ ಅಳತೆಗೆ ಕೂತ ಹಳೆಯದು ಮೇಲು.

ಹಳೆಯದು ಎಂದಾಗ ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. ನೂರು ಕಿಲೋಮೀಟರ್ ದೂರದ ವಿಜಯಪುರ, ಅದರಾಚೆಯ ಬಾಗಲಕೋಟೆ ರಾಷ್ಟ್ರಮಟ್ಟದ ಸೈಕ್ಲಿಸ್ಟರನ್ನು ಬೆಳೆಸಿದ ಜಿಲ್ಲೆಗಳು. ಓಡಿಸಿದ ಸೈಕಲ್ಲುಗಳು ಅಲ್ಲಿ ಕೈ ಬದಲಾಗುತ್ತಿರುತ್ತವೆ. ಕೊಳ್ಳುವ ಮುನ್ನ ಫ್ರೇಮಿನ ಬೆಸುಗೆಗಳ ಹತ್ತಿರ ಬಿರುಕಿದೆಯೇ, ಚಕ್ರ ತಿರುಗಿಸಿದರೆ ಓಲಾಡುತ್ತದೆಯೇ ನೋಡಿ. ಕಾರ್ಬನ್ ಫ್ರೇಮ್ ಹಳೆಯದಾಗಿ ಬೇಡವೇ ಬೇಡ, ಒಳಗಿನ ಬಿರುಕು ಕಣ್ಣಿಗೆ ಕಾಣದು.

ಕಾರ್ಬನ್ ಆಸೆ ಇರುವವರಿಗೆ ಫಾದರ್ ಹೇಳುವ ಕತೆಯೊಂದಿದೆ. ಇಟಲಿಯ ಜೀನೋ ಬಾರ್ತಾಲಿ 1938ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದವನು, 1948ರಲ್ಲಿ ಮತ್ತೆ ಗೆದ್ದ. ನಡುವಿನ ಯುದ್ಧಕಾಲದಲ್ಲಿ, ಫ್ಲಾರೆನ್ಸಿನ ಕಾರ್ಡಿನಲ್ ದಲ್ಲಾ ಕೋಸ್ತಾ ಅವರ ಮಾತಿನಂತೆ, ಯೆಹೂದ್ಯರನ್ನು ಉಳಿಸುವ ನಕಲಿ ಗುರುತಿನ ಕಾಗದಗಳನ್ನು ಸೈಕಲ್ಲಿನ ಕೊಳವೆಯೊಳಗೆ ಬಚ್ಚಿಟ್ಟು, ತರಬೇತಿಯ ನೆಪದಲ್ಲಿ ಅಸ್ಸೀಸಿಯವರೆಗೆ ತುಳಿಯುತ್ತಿದ್ದ. ಬದುಕಿರುವಾಗ ಅದನ್ನು ಹೇಳಿಕೊಳ್ಳಲಿಲ್ಲ. 2013ರಲ್ಲಿ ಯಾದ್ ವಶೆಮ್ ಅವನನ್ನು ಗೌರವಿಸಿತು. ಅವನ ಫ್ರೇಮ್ ಉಕ್ಕಿನದು.

ಈಗ ಅಕ್ಕಲಕೋಟೆಗೆ ಎರಡು ತಾಸಿನೊಳಗೆ ಮುಟ್ಟುತ್ತೇನೆ, ಎದುರುಗಾಳಿಯಿದ್ದರೆ ವಾಪಸಾಗಲು ಇನ್ನರ್ಧ ತಾಸು. ಏಪ್ರಿಲ್, ಮೇ ಬಿಸಿಲಲ್ಲಿ ಹೋಗುವುದು ಬಸ್ಸಿಗೇ. ಕೊಳ್ಳುವ ಮುನ್ನ ಓಡಿಸಿ ನೋಡಬೇಕೆನ್ನುವವರು ಎರಡನೇ ಪೂಜೆಯ ನಂತರ ದೇವಾಲಯದ ಅಂಗಳಕ್ಕೆ ಬನ್ನಿ. ಸೀಟು ಇಳಿಸಲು 5 ಮಿಲಿಮೀಟರಿನ ಅಲನ್ ಕೀ ನನ್ನ ಚೀಲದಲ್ಲಿರುತ್ತದೆ. ಅಳತೆಗೆ ದಪ್ಪ ಪುಸ್ತಕ ನೀವೇ ತನ್ನಿ, ದೇವಾಲಯದ ಬೈಬಲ್ಲನ್ನು ಅದಕ್ಕೆ ಕೇಳಬೇಡಿ.